ಪ್ರವಾಹ ಬಂದ ಮೇಲೆ ಪಟ್ಟಿ ಬರೆಯಲು ಕೂರಬೇಡಿ

ಸಂಪಾದಕರಿಗೆ ನಮಸ್ಕಾರ.

ಮೊನ್ನೆ ನಿಮ್ಮ ಓದುಗರ ಪತ್ರಗಳಲ್ಲಿ ಒಬ್ಬರು ಬಡ ದೇಶಗಳ ಮೇಲೆ ಸಿಟ್ಟು ಮಾಡಿಕೊಂಡಿದ್ದರು. ಹವಾಮಾನ ಬದಲಾವಣೆ ಅಂತ ಶ್ರೀಮಂತ ದೇಶಗಳ ಮುಂದೆ ಕೈಯೊಡ್ಡುತ್ತಾರೆ, ಬಂದ ದುಡ್ಡನ್ನು ಪಿಂಚಣಿ, ಅಕ್ಕಿ, ಹೆಂಗಸರ ಖಾತೆ ಅಂತ ಹಂಚಿ ಖಾಲಿ ಮಾಡುತ್ತಾರೆ, ಅದರ ಬದಲು ಒಡ್ಡು ಕಟ್ಟಲಿ, ಸೋಲಾರ್ ಹಾಕಲಿ ಎಂಬುದು ಅವರ ಮಾತು. ಓದಿ ಪುಟ ತಿರುಗಿಸಬಹುದಿತ್ತು. ಆದರೆ ಈ ಮಾತು ಈಗ ಟಿ.ವಿ.ಯಲ್ಲಿ, ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಎಲ್ಲ ಕಡೆ ಕಿವಿಗೆ ಬೀಳುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಕತ್ತರಿ ಹಾಕುವುದಾದರೆ ಕೊನೆಯ ಭಾಗ ಬಿಟ್ಟು ಬೇರೆ ಎಲ್ಲಾದರೂ ಹಾಕಿ.

ಆ ಓದುಗರು 'ಹಂಚಿಬಿಡುವುದು' ಅಂತ ಹಂಗಿಸುವ ಖರ್ಚು ಇದೆಯಲ್ಲ, ಬಡ ದೇಶಗಳಲ್ಲಿ ನೆರೆ, ಬರ, ಬಿಸಿಗಾಳಿ ಬಂದಾಗ ಜನರನ್ನು ಹಿಡಿದು ನಿಲ್ಲಿಸುವುದು ಅದೇ. ಒಡ್ಡು ಬೇಕು, ಸೋಲಾರ್ ಕೂಡ ಬೇಕು, ಬೇಡ ಎಂದವರು ಯಾರು? ಆದರೆ ಒಡ್ಡು ಒಡೆದ ರಾತ್ರಿ ಯಾರ ಮನೆಗೆ ಏನು ತಲುಪಿಸಬೇಕು ಅಂತ ಸರ್ಕಾರಕ್ಕೆ ಗೊತ್ತಿರಬೇಕಾದರೆ, ಆ ಜನರ ಹೆಸರು ಮೊದಲೇ ಒಂದು ಪಟ್ಟಿಯಲ್ಲಿರಬೇಕು, ಅವರ ಹೆಸರಲ್ಲಿ ಖಾತೆ ಇರಬೇಕು, ಹಣ ಕೈಗೆ ಮುಟ್ಟುವ ದಾರಿ ಇರಬೇಕು. ಅದನ್ನೆಲ್ಲ ಪ್ರತಿ ತಿಂಗಳ ಸಣ್ಣ ಪಿಂಚಣಿ, ಸಣ್ಣ ನೆರವು ಕಟ್ಟಿಕೊಡುತ್ತದೆ. ನೀರು ಬಂದ ಮೇಲೆ ಕಟ್ಟಲು ಆಗುವುದಿಲ್ಲ.

ಪಾಕಿಸ್ತಾನದ ಉದಾಹರಣೆ ಕೊಡುತ್ತೇನೆ. ಹೆಸರು ಕೇಳಿಯೇ ಮೂಗು ಮುರಿಯಬೇಡಿ, ರಾಜಕೀಯ ಬೇರೆ ಮಾತು. 2022ರಲ್ಲಿ ಅಲ್ಲಿ ಬಂದಂಥ ನೆರೆ ನಮ್ಮ ಭಾಗದ ಯಾವ ದೇಶವೂ ಇತ್ತೀಚೆಗೆ ಕಂಡಿಲ್ಲ. ಆ ವರ್ಷ ಮಾರ್ಚ್, ಏಪ್ರಿಲ್‌ನಲ್ಲೇ ವಿಪರೀತ ಬಿಸಿಲು. ಆಮೇಲೆ ಆಗಸ್ಟ್‌ನಲ್ಲಿ ಸಿಂಧ್ ಪ್ರಾಂತ್ಯದ ಮೇಲೆ ವಾಡಿಕೆಗಿಂತ ಏಳೆಂಟು ಪಟ್ಟು ಮಳೆ ಸುರಿಯಿತು. 3.3 ಕೋಟಿ ಜನ ಸಂಕಷ್ಟಕ್ಕೆ ಸಿಕ್ಕರು, 1,700ಕ್ಕೂ ಹೆಚ್ಚು ಜನ ಸತ್ತರು, 20 ಲಕ್ಷಕ್ಕೂ ಜಾಸ್ತಿ ಮನೆಗಳು ಬಿದ್ದವು ಅಥವಾ ಬಿರುಕುಬಿಟ್ಟವು. ಸಿಂಧ್‌ನ ಮಂಚರ್ ಕೆರೆ ತುಂಬಿ ತುಳುಕಿದಾಗ ಸೇಹ್ವಾನ್ ಪಟ್ಟಣ ಉಳಿಸಲು ಅಧಿಕಾರಿಗಳೇ ಕೆರೆಯ ಏರಿ ಒಡೆದರು. ಆ ನೀರು ಕೆಳಗಿನ ಹಳ್ಳಿಗಳಿಗೆ ನುಗ್ಗಿ ಸುಮಾರು ಒಂದು ಲಕ್ಷ ಜನ ಮನೆ ಬಿಡಬೇಕಾಯಿತು. ಪಟ್ಟಣ ಉಳಿಸಲು ಯಾರ ಹೊಲ ಮುಳುಗಿಸಬೇಕು ಎಂದು ಲೆಕ್ಕ ಹಾಕಬೇಕಾದ ಪರಿಸ್ಥಿತಿ ಯಾವ ಸರ್ಕಾರಕ್ಕೂ ಬರಬಾರದು. ಬಂದಾಗ ಮುಳುಗುವುದು ಮಾತ್ರ ಯಾವಾಗಲೂ ಬಡವರ ಹೊಲವೇ. ಇಷ್ಟೆಲ್ಲ ಅನುಭವಿಸಿದ ದೇಶ ಜಗತ್ತಿನ ಹೊಗೆಗೆ ಸೇರಿಸುವ ಪಾಲು ಶೇ 1ಕ್ಕಿಂತ ಕಡಿಮೆ.

ಆ ನೆರೆಯಲ್ಲಿ ಸರ್ಕಾರ ಮಾಡಿದ್ದರಲ್ಲಿ ತಪ್ಪು ನೂರು ಇವೆ. ಒಂದು ಕೆಲಸ ಮಾತ್ರ ಬೇಗ ನಡೆಯಿತು. ಮುಳುಗಿದ ಜಿಲ್ಲೆಗಳ ಬಡ ಕುಟುಂಬಗಳಿಗೆ ತಲಾ 25,000 ಪಾಕಿಸ್ತಾನಿ ರೂಪಾಯಿ ಕೊಡುವುದು. ಆಗಸ್ಟ್‌ನಲ್ಲೇ ಶುರುವಾಗಿ ವರ್ಷ ಮುಗಿಯುವಷ್ಟರಲ್ಲಿ ಸುಮಾರು 27 ಲಕ್ಷ ಕುಟುಂಬಗಳಿಗೆ ಮುಟ್ಟಿತು. ಒಟ್ಟು ಹತ್ತಿರಹತ್ತಿರ 7,000 ಕೋಟಿ ಅವರ ರೂಪಾಯಿ. ನಮ್ಮ ದುಡ್ಡಿನಲ್ಲಿ ಒಂದು ಮನೆಗೆ ಆಗ ಒಂಬತ್ತು ಸಾವಿರದ ಆಸುಪಾಸು. ದೊಡ್ಡ ಮೊತ್ತವೇನಲ್ಲ. ಆದರೆ ಹಿಟ್ಟು, ಟಾರ್ಪಾಲು, ಔಷಧಿ, ದನಕ್ಕೆ ಮೇವು, ಇವನ್ನೆಲ್ಲ ಸಾಲ ಮಾಡದೆ ತರುವಷ್ಟು ದುಡ್ಡು. ಹಾಗೇ ನೋಡಿದರೆ ಆ ಸಮಯದಲ್ಲಿ ಮನುಷ್ಯನಿಗೆ ಬೇಕಾದದ್ದು ಬೇರೇನು?

ಇದು ಹೇಗೆ ಸಾಧ್ಯ ಆಯಿತು ಅಂದರೆ, ಪಟ್ಟಿ ಮೊದಲೇ ಇತ್ತು. 2008ರಲ್ಲಿ ಅಲ್ಲಿ ಬೇನಜೀರ್ ಆದಾಯ ನೆರವು ಕಾರ್ಯಕ್ರಮ ಅಂತ ಒಂದು ಯೋಜನೆ ಶುರುವಾಯಿತು. ಬಡ ಮನೆಯ ಹೆಂಗಸಿನ ಕೈಗೆ ತಿಂಗಳಿಗೆ 1,000 ರೂಪಾಯಿ. ಆಗಲೂ ಅಲ್ಲಿ ಇದೇ ಮಾತು ಕೇಳಿಬಂತು, ವೋಟಿಗಾಗಿ ದುಡ್ಡು ಚೆಲ್ಲುತ್ತಿದ್ದಾರೆ, ಜನರನ್ನು ಸೋಮಾರಿ ಮಾಡುತ್ತಿದ್ದಾರೆ ಅಂತ. 2010-11ರ ಹೊತ್ತಿಗೆ ದೇಶದ ತುಂಬ ಮನೆ ಮನೆ ಸಮೀಕ್ಷೆ ನಡೆಯಿತು. ಮನೆಯಲ್ಲಿ ಎಷ್ಟು ಜನ, ಗೋಡೆ ಎಂಥದ್ದು, ಜಮೀನು ಎಷ್ಟು, ದನ ಎಷ್ಟು ಅಂತ ಬರೆದು ಪ್ರತಿ ಮನೆಗೂ ಒಂದು ಅಂಕ ಕೊಟ್ಟರು. ಸರ್ಕಾರಗಳು ಬಂದವು, ಹೋದವು, ಹೊಸಬರು ಯೋಜನೆಯ ಹೆಸರು ಬದಲಿಸಲು ನೋಡಿದರು. ಪಟ್ಟಿ ಉಳಿಯಿತು. 2020ರಲ್ಲಿ ಕೊರೊನಾ ಲಾಕ್‌ಡೌನ್ ಆದಾಗ ಅದೇ ಪಟ್ಟಿಯನ್ನು ಹಿಗ್ಗಿಸಿ ಸುಮಾರು 1.5 ಕೋಟಿ ಕುಟುಂಬಗಳಿಗೆ ತಲಾ 12,000 ಕೊಟ್ಟರು. 2022ರ ನೆರೆಗೆ ಮತ್ತೆ ಅದನ್ನೇ ತೆಗೆದರು. ಯಾವ ಜಿಲ್ಲೆ ಮುಳುಗಿತು ಅಂತ ಘೋಷಣೆ ಆಯಿತು, ಆ ಜಿಲ್ಲೆಯ ಬಡ ಮನೆಗಳ ಹೆಸರು ಪಟ್ಟಿಯಿಂದ ಹೊರಬಂತು, ಹಣ ಹೋಯಿತು.

2010ರ ನೆರೆಯನ್ನು ಇದರ ಪಕ್ಕ ಇಟ್ಟು ನೋಡಿ. ಅದೂ ದೊಡ್ಡದೇ, ಸುಮಾರು 2 ಕೋಟಿ ಜನ ತೊಂದರೆಗೆ ಸಿಕ್ಕಿದ್ದರು. ಆಗಲೂ ಸರ್ಕಾರ ಸುಮ್ಮನಿರಲಿಲ್ಲ, ವತನ್ ಕಾರ್ಡ್ ಅಂತ ಕೊಟ್ಟು ಮೊದಲ ಕಂತು 20,000 ಹಾಕಿತು. ಆದರೆ ಮನೆ ಮನೆ ಸಮೀಕ್ಷೆ ಆಗಿನ್ನೂ ಮುಗಿದಿರಲಿಲ್ಲ, ಯಾರಿಗೆ ಕೊಡಬೇಕು ಎಂಬುದನ್ನು ನೆರೆ ಬಂದ ಮೇಲೆ ಹುಡುಕಬೇಕಾಯಿತು. ಗುರುತಿನ ಚೀಟಿಯ ವಿಳಾಸ ಒಂದು ಕಡೆ, ಮನುಷ್ಯ ಇನ್ನೊಂದು ಕಡೆ. ಹೆಸರು ಬಿಟ್ಟುಹೋದವರ ಗಲಾಟೆ, ಕಾರ್ಡ್ ಕೊಡುವ ಕೇಂದ್ರಗಳ ಮುಂದೆ ನೂಕುನುಗ್ಗಲು.

ಈ ಯೋಜನೆಯನ್ನು ನಾನು ಹೊಗಳಿ ಅಟ್ಟಕ್ಕೇರಿಸುತ್ತಿಲ್ಲ. ಹಣ ಕೊಡುವ ಜಾಗದ ಚಿತ್ರ ನೋಡಿದರೆ ಹೊಟ್ಟೆ ಉರಿಯುತ್ತದೆ. ಶಾಲೆಯ ಅಂಗಳದಲ್ಲೋ, ಅಂಗಡಿಯ ಮುಂದೆಯೋ ಬಿಸಿಲಲ್ಲಿ ಹೆಂಗಸರ ಉದ್ದ ಸಾಲು. ಮೇಜಿನ ಮೇಲೆ ಹೆಬ್ಬೆಟ್ಟು ಓದುವ ಸಣ್ಣ ಯಂತ್ರ. ವರ್ಷಗಟ್ಟಲೆ ಹತ್ತಿ ಬಿಡಿಸಿ, ಪಾತ್ರೆ ತಿಕ್ಕಿ ಸವೆದ ಬೆರಳು, ಯಂತ್ರ ಒಪ್ಪುವುದಿಲ್ಲ. ಒರೆಸಿ ಮತ್ತೆ ಇಡು, ಇನ್ನೊಂದು ಬೆರಳು ಇಡು, ಆಗಲಿಲ್ಲ, ನಾಳೆ ಬಾ. ಒಪ್ಪಿದರೂ ಎಣಿಸಿಕೊಡುವ ಏಜೆಂಟ್ ಐನೂರೋ ಸಾವಿರವೋ ಮುರಿದುಕೊಂಡು ಕೊಡುತ್ತಾನೆ ಎಂಬ ದೂರು ಅಲ್ಲಿ ಹೊಸದಲ್ಲ, ಪ್ರತಿ ಕಂತಿಗೂ ಇದೆ. ಗುರುತಿನ ಚೀಟಿಯೇ ಇಲ್ಲದ ಹೆಂಗಸಿಗೆ ಸಾಲಿನಲ್ಲಿ ನಿಲ್ಲುವ ಹಕ್ಕೂ ಇಲ್ಲ. ಮುಳುಗಿದ ಜಿಲ್ಲೆಯಲ್ಲಿದ್ದು ಮನೆ ಮುಳುಗದವರಿಗೆ ಹಣ ಬಂದದ್ದೂ ಉಂಟು, ಮನೆ ಬಿದ್ದರೂ ಪಟ್ಟಿಯಲ್ಲಿಲ್ಲ ಅಂತ ವಾಪಸ್ ಹೋದವರೂ ಉಂಟು. ಇವೆಲ್ಲ ನಿಜ. ಇಷ್ಟಿದ್ದರೂ ಕೆಲವೇ ತಿಂಗಳಲ್ಲಿ 27 ಲಕ್ಷ ಮನೆ ಮುಟ್ಟುವ ಬೇರೆ ಯಾವ ದಾರಿಯೂ ಆ ದೇಶದ ಹತ್ತಿರ ಇರಲಿಲ್ಲ. ಲಾರಿಯಲ್ಲಿ ಹಿಟ್ಟಿನ ಚೀಲ ತಂದು ಮೇಲಿಂದ ಎಸೆಯುವುದಕ್ಕಿಂತ ಇದು ಸಾವಿರ ಪಾಲು ವಾಸಿ.

ಪಟ್ಟಿ ಇಲ್ಲದಿದ್ದರೆ ಏನಾಗುತ್ತದೆ ಅಂತ ಹೇಳಲು ನಾನು ಸಿಂಧ್‌ಗೆ ಹೋಗಬೇಕಿಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದಾಗ ನಮ್ಮ ಭಾಗದಲ್ಲಿ ನೋಡಿದ್ದೇವೆ. ಸರ್ಕಾರ ಮನೆಗೆ 10,000 ತಕ್ಷಣದ ಪರಿಹಾರ ಅಂತ ಘೋಷಿಸಿತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂದಿತು. ಅಷ್ಟು ಕೊಟ್ಟ ರಾಜ್ಯ ಜಾಸ್ತಿ ಇಲ್ಲ, ಒಪ್ಪಬೇಕಾದ ಮಾತು. ಆದರೆ ಹಣಕ್ಕಿಂತ ಮುಂಚೆ ಎ, ಬಿ, ಸಿ ಬಂತಲ್ಲ! ಎ ಅಂದರೆ ಪೂರ್ತಿ ನೆಲಸಮ, ಬಿ ಅಂದರೆ ಕೆಡವಿ ಕಟ್ಟಬೇಕಾದದ್ದು, ಸಿ ಅಂದರೆ ಸ್ವಲ್ಪ ಕುಸಿದದ್ದು. ಸಿ ಬಿದ್ದರೆ 5 ಲಕ್ಷ ಹೋಗಿ 50 ಸಾವಿರ. ತಲಾಟಿ, ಎಂಜಿನಿಯರ್, ಪಂಚಾಯ್ತಿಯವರು ಕೆಸರಲ್ಲಿ ನಿಂತು ಮೊಬೈಲ್‌ನಲ್ಲಿ ಫೋಟೊ ಹೊಡೆಯುತ್ತಾರೆ, ಹಿಂದೆ ನೂರು ಜನ. ಮಣ್ಣಿನ ಗೋಡೆ ಆಗಿನ್ನೂ ನೀರು ಕುಡಿದು ನಿಂತಿದೆ, ಬಿದ್ದಿಲ್ಲ. ಸಿ ಅಂತ ಬರೆದುಕೊಂಡು ಹೋದರು. ವಾರ ಕಳೆದು ಬಿಸಿಲು ಬಿದ್ದ ಮೇಲೆ ಅದೇ ಗೋಡೆ ದೊಪ್ಪನೆ ಕುಸಿಯಿತು. ಈಗ ಪಟ್ಟಿ ತಿದ್ದುವವರು ಯಾರು? ಅತ್ತ ಗಟ್ಟಿ ಮನೆಯ ಕೆಲವರು ಎ ಆದರು, ಹೇಗೆ ಆದರು ಅಂತ ಊರಿಗೆಲ್ಲ ಗೊತ್ತು. ಅಣ್ಣ ತಮ್ಮಂದಿರು ಒಂದೇ ಮನೆಯಲ್ಲಿದ್ದು ಅಡುಗೆ ಬೇರೆ ಮಾಡುತ್ತಿದ್ದರೆ ಅದು ಒಂದು ಕುಟುಂಬವೋ ಎರಡೋ ಅಂತ ಜಗಳ. ನನ್ನ ಪಕ್ಕದ ಓಣಿಯಲ್ಲಿ ಇದೇ ಕಾರಣಕ್ಕೆ ಮಾತು ಬಿಟ್ಟವರು ಇನ್ನೂ ಮಾತಾಡಿಲ್ಲ. ಯಾರು ಎಲ್ಲಿದ್ದಾರೆ, ಯಾವ ಮನೆ ಯಾರದ್ದು, ಯಾರ ಒಲೆ ಬೇರೆ ಎಂಬ ಲೆಕ್ಕವನ್ನು ನೆರೆಯ ನೀರಿನಲ್ಲಿ ನಿಂತು ಬರೆಯಲು ಹೊರಟರೆ ಹೀಗೇ ಆಗುವುದು.

ಈಗ ಬಾಂಗ್ಲಾದೇಶದ ಕಡೆ ಬನ್ನಿ. ಇವರ ಕತೆ ಇನ್ನೂ ಹಳೆಯದು. 1970ರ ನವೆಂಬರ್ 12ರ ರಾತ್ರಿ ಬಂದ ಚಂಡಮಾರುತದಲ್ಲಿ ಅಲ್ಲಿ 3ರಿಂದ 5 ಲಕ್ಷ ಜನ ಸತ್ತರು. 1991ರಲ್ಲಿ ಇನ್ನೊಂದು ಬಂತು, ಸುಮಾರು 1.38 ಲಕ್ಷ. 2007ರ ಸಿಡ್ರ್‌ನಲ್ಲಿ 3,400ರಷ್ಟು. 2020ರಲ್ಲಿ ಅಂಫಾನ್ ಬಂದಾಗ 20 ಲಕ್ಷಕ್ಕೂ ಹೆಚ್ಚು ಜನರನ್ನು ಮೊದಲೇ ಸುರಕ್ಷಿತ ಜಾಗಕ್ಕೆ ಕಳಿಸಿದ್ದರು. ಅದೂ ಕೊರೊನಾ ಕಾಲದಲ್ಲಿ. ಸತ್ತವರು ಕೆಲವು ಹತ್ತು ಜನ. ಎಲ್ಲ ಗಾಳಿಯೂ ಒಂದೇ ಬಿರುಸಿನದಲ್ಲ, ಒಂದೇ ಜಾಗಕ್ಕೆ ಬಡಿದದ್ದೂ ಅಲ್ಲ, ಆದರೂ ಲಕ್ಷದಿಂದ ಹತ್ತಕ್ಕೆ ಇಳಿದದ್ದು ಗಾಳಿ ಮೆತ್ತಗಾಗಿ ಅಲ್ಲ ಅಲ್ವಾ? ಎತ್ತರದ ಕಂಬಗಳ ಮೇಲೆ ಕಟ್ಟಿದ ಆಶ್ರಯ ಕಟ್ಟಡಗಳು, ಹವಾಮಾನ ಇಲಾಖೆಯ ಮುನ್ಸೂಚನೆ, ಎಪ್ಪತ್ತರ ದಶಕದಲ್ಲೇ ಶುರುವಾದ ಸ್ವಯಂಸೇವಕರ ಪಡೆ. ಅವರು ಈಗ 70 ಸಾವಿರಕ್ಕೂ ಹೆಚ್ಚು, ಅದರಲ್ಲಿ ಅರ್ಧದಷ್ಟು ಹೆಂಗಸರು. ಕೈಯಲ್ಲಿ ಮೆಗಾಫೋನ್ ಹಿಡಿದು ಮನೆ ಮನೆಗೆ ಹೋಗುತ್ತಾರೆ.

ಇದೆಲ್ಲ ಜೀವ ಉಳಿಸುವ ಮಾತಾಯಿತು. ಉಳಿದ ಜೀವ ಮಾರನೇ ದಿನ ಏನು ತಿನ್ನಬೇಕು? ಇದಕ್ಕೆ ಅಲ್ಲಿ 2020ರ ಜುಲೈನಲ್ಲಿ ಮಾಡಿದ ಒಂದು ಕೆಲಸ ನನಗೆ ಬಹಳ ಹಿಡಿಸಿತು. ಜಮುನಾ ನದಿ (ಬ್ರಹ್ಮಪುತ್ರಕ್ಕೆ ಅಲ್ಲಿನ ಹೆಸರು) ಉಕ್ಕುತ್ತದೆ ಎಂದು ಮುನ್ಸೂಚನೆ ಬಂದ ಕೂಡಲೇ, ನೀರು ಏರುವುದಕ್ಕೆ ಮೊದಲೇ, ವಿಶ್ವಸಂಸ್ಥೆಯ ಆಹಾರ ಕಾರ್ಯಕ್ರಮದವರು 23,434 ಕುಟುಂಬಗಳಿಗೆ ತಲಾ 4,500 ಟಾಕಾವನ್ನು ಮೊಬೈಲ್ ಮೂಲಕ ಕಳಿಸಿದರು. ನೆರೆ ಬಂದ ಮೇಲಲ್ಲ, ಬರುವ ಮುಂಚೆ. ಆ ನದಿಯ ನಡುವೆ ಮರಳ ದಿಬ್ಬಗಳ ಮೇಲೆ ಬದುಕುವ ಜನ ಅವರು. ಹಣ ಸಿಕ್ಕವರು ಅಕ್ಕಿ ಬೇಳೆ ತಂದಿಟ್ಟುಕೊಂಡರು, ಮಕ್ಕಳನ್ನೂ ದನಕರುಗಳನ್ನೂ ಎತ್ತರದ ಕಡೆ ಸಾಗಿಸಿಕೊಂಡರು. ಆಮೇಲೆ ನಡೆದ ಅಧ್ಯಯನದಲ್ಲಿ, ಹಣ ಸಿಕ್ಕ ಮನೆಗಳಲ್ಲಿ ನೆರೆಯ ವೇಳೆ ಇಡೀ ದಿನ ಉಪವಾಸ ಬೀಳುವ ಸಾಧ್ಯತೆ ಶೇ 36ರಷ್ಟು ಕಡಿಮೆ ಇತ್ತು ಎಂದು ಗೊತ್ತಾಯಿತು. ನೆರೆಗೆ ಸಿಕ್ಕಿದ ಬಡವ ಮೊದಲು ಮಾಡುವುದೇ ದನ ಮಾರುವುದು. ಎಲ್ಲರೂ ಒಟ್ಟಿಗೆ ಮಾರಲು ಬರುತ್ತಾರೆ, ಬೆಲೆ ಪಾತಾಳಕ್ಕೆ ಹೋಗಿರುತ್ತದೆ. ಆ ದನವನ್ನು ಮತ್ತೆ ಕೊಳ್ಳಲು ಎರಡು ಮೂರು ವರ್ಷದ ದುಡಿಮೆ ಬೇಕು. 4,500 ಟಾಕಾ ಮೊದಲೇ ಕೈಗೆ ಸಿಕ್ಕರೆ ಆ ಮಾರಾಟ ತಪ್ಪಬಹುದು. ಇದು ಹಂಚಿ ಖಾಲಿ ಮಾಡುವ ದುಡ್ಡೋ, ಉಳಿಸುವ ದುಡ್ಡೋ, ನೀವೇ ಹೇಳಿ.

ಅಂದ ಹಾಗೆ ಬಾಂಗ್ಲಾದೇಶದ ಸರ್ಕಾರವನ್ನೂ ಪೂರ್ತಿ ನಂಬಬೇಡಿ. ಅಲ್ಲಿನ ಬಜೆಟ್‌ನಲ್ಲಿ ಬಡವರ ರಕ್ಷಣೆಗೆ ಇಷ್ಟು ಕೋಟಿ ಅಂತ ತೋರಿಸುವ ದೊಡ್ಡ ಅಂಕಿಯ ಒಳಗೆ ಸರ್ಕಾರಿ ನೌಕರರ ನಿವೃತ್ತಿ ವೇತನವೂ ಕೂತಿರುತ್ತದೆ. ಹಳ್ಳಿಯ ಮುದುಕಿಗೆ ಸಿಗುತ್ತಿದ್ದ ವೃದ್ಧಾಪ್ಯ ಭತ್ಯೆ ಮಾತ್ರ 2023ರಲ್ಲೂ ತಿಂಗಳಿಗೆ 600 ಟಾಕಾ. ಇಂಥ ಜಾಣತನ ಯಾವ ದೇಶದವರಿಗೂ ಹೇಳಿಕೊಡಬೇಕಿಲ್ಲ.

ಸರಿ, ಇಷ್ಟು ಉಪಯೋಗ ಇದ್ದರೆ ಎಲ್ಲ ಬಡ ದೇಶಗಳೂ ಯಾಕೆ ಮಾಡುವುದಿಲ್ಲ? ದುಡ್ಡಿಲ್ಲ ಎಂಬುದು ನೇರ ಉತ್ತರ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2024ರಲ್ಲಿ ಲೆಕ್ಕ ಕೊಟ್ಟಿತು. ಪಿಂಚಣಿಯೋ ಮಕ್ಕಳ ಭತ್ಯೆಯೋ ನಿರುದ್ಯೋಗ ಭತ್ಯೆಯೋ, ಯಾವುದಾದರೂ ಒಂದು ನೆರವು ಸಿಗುವವರು ಜಗತ್ತಿನಲ್ಲಿ ಶೇ 52.4 ಜನ. ಆದರೆ ಹವಾಮಾನದ ಹೊಡೆತಕ್ಕೆ ಎಲ್ಲರಿಗಿಂತ ಹೆಚ್ಚು ಸಿಕ್ಕುವ 20 ದೇಶಗಳಲ್ಲಿ ಇದು ಶೇ 8.7. ಉಳಿದ 36.4 ಕೋಟಿ ಜನರಿಗೆ ಏನೂ ಇಲ್ಲ. ಪಟ್ಟಿಯಲ್ಲಿ ಹೆಸರೂ ಇಲ್ಲ, ಹಣ ಬರುವ ದಾರಿಯೂ ಇಲ್ಲ. ಶ್ರೀಮಂತ ದೇಶಗಳು ಆರೋಗ್ಯ ಬಿಟ್ಟು ಈ ಬಾಬಿಗೆ ತಮ್ಮ ಜಿಡಿಪಿಯ ಶೇ 16.2 ಖರ್ಚು ಮಾಡುತ್ತವೆ. ತೀರ ಬಡ ದೇಶಗಳು ಶೇ 0.8. ಅಂದರೆ ಹೆಚ್ಚು ಹಂಚುತ್ತಿರುವವರು ಯಾರು? ನಮಗೆ ಹಂಚಬೇಡಿ ಅಂತ ಬುದ್ಧಿ ಹೇಳುವವರೇ!

ಬಡ ದೇಶಗಳ ದುಡ್ಡು ಹೋಗುವುದಾದರೂ ಎಲ್ಲಿಗೆ? ಪಾಕಿಸ್ತಾನದ 2024-25ರ ಕೇಂದ್ರ ಬಜೆಟ್ ಸುಮಾರು 18.9 ಲಕ್ಷ ಕೋಟಿ ಅವರ ರೂಪಾಯಿ. ಅದರಲ್ಲಿ ಸಾಲದ ಬಡ್ಡಿಗೇ ಸುಮಾರು 9.8 ಲಕ್ಷ ಕೋಟಿ. ಅರ್ಧಕ್ಕಿಂತ ಜಾಸ್ತಿ. ನಾನು ಹೇಳಿದ ಆ ನೆರವಿನ ಯೋಜನೆಗೆ ಇಟ್ಟದ್ದು 59 ಸಾವಿರ ಕೋಟಿ ಚಿಲ್ಲರೆ. ಬಡ್ಡಿ ಅದರ ಹದಿನಾರು ಪಟ್ಟು! ಅವರ ಸಾಲಕ್ಕೆ ಅವರ ಸೈನ್ಯ, ಅವರ ಸಾಹುಕಾರರು, ತೆರಿಗೆ ಕಟ್ಟದ ಜಮೀನ್ದಾರರೇ ಕಾರಣ ಅಂತ ನೀವು ಹೇಳಬಹುದು. ಹೌದು. ಆದರೆ ಮಂಚರ್ ಕೆರೆ ಕೆಳಗಿನ ಹಳ್ಳಿಯ ಹೆಂಗಸು ಆ ಸಾಲ ಮಾಡಿದವಳಲ್ಲ.

ನೆರೆ ಇಳಿದ ಮೇಲೆ ನಡೆದದ್ದು ಇನ್ನೂ ಸ್ವಾರಸ್ಯ. ನಷ್ಟ, ಹಾನಿ ಎಲ್ಲ ಸೇರಿ 3,000 ಕೋಟಿ ಡಾಲರ್ ಅಂತ ಅಂದಾಜಾಯಿತು. 2023ರ ಜನವರಿಯಲ್ಲಿ ಜಿನೀವಾದಲ್ಲಿ ದೇಶಗಳು, ಬ್ಯಾಂಕುಗಳು ಸೇರಿ 900 ಕೋಟಿ ಡಾಲರ್‌ಗೂ ಹೆಚ್ಚು ಕೊಡುತ್ತೇವೆ ಅಂದವು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಬಿಡಿಸಿ ನೋಡಿದರೆ ಬಹುಪಾಲು ಸಾಲ. ಮುಳುಗಿದವನ ತಲೆಯ ಮೇಲೆ ಇನ್ನಷ್ಟು ಬಡ್ಡಿ. ಸಿಂಧ್‌ನಲ್ಲಿ ಬಿದ್ದ 20 ಲಕ್ಷ ಮನೆಗಳನ್ನು ಕಟ್ಟುವ ಯೋಜನೆ ಒಳ್ಳೆಯದೇ, ಮನೆಗೆ 3 ಲಕ್ಷ ಕಂತು ಕಂತಾಗಿ ಕೊಡುತ್ತಾರೆ, ಹಕ್ಕುಪತ್ರ ಹೆಂಗಸಿನ ಹೆಸರಲ್ಲಿ ಮಾಡಿಸುತ್ತಾರೆ, ಅದಕ್ಕೂ ವಿಶ್ವಬ್ಯಾಂಕಿನ ಸಾಲವೇ ಬುನಾದಿ. ಇನ್ನು ಈಜಿಪ್ಟ್‌ನ ಸಮಾವೇಶದಲ್ಲಿ 2022ರಲ್ಲಿ ಒಪ್ಪಿಕೊಂಡು ಮರುವರ್ಷ ದುಬೈನಲ್ಲಿ ಚಪ್ಪಾಳೆ ಹೊಡೆದು ಶುರು ಮಾಡಿದ 'ನಷ್ಟ ಮತ್ತು ಹಾನಿ' ನಿಧಿಗೆ ಅಲ್ಲಿ ಸಿಕ್ಕ ಭರವಸೆ ಸುಮಾರು 70 ಕೋಟಿ ಡಾಲರ್. ಒಂದು ದೇಶದ ಒಂದು ವರ್ಷದ ನೆರೆಯ ನಷ್ಟವೇ ಅದರ ನಲವತ್ತು ಪಟ್ಟು. ಇದು ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಹಾಗಾಗಿ ಹವಾಮಾನದ ದುಡ್ಡೆಲ್ಲ ಹಂಚಿಹೋಗುತ್ತಿದೆ ಎಂಬ ಆರೋಪವೇ ಸರಿಯಲ್ಲ. ದುಡ್ಡು ಬರುವುದೇ ಕಡಿಮೆ, ಬಂದರೂ ಸಾಲ, ಆ ಸಾಲವೂ ಹೋಗುವುದು ಲಾಭ ತರುವ ವಿದ್ಯುತ್ ಯೋಜನೆ, ಮೆಟ್ರೊ ಇಂಥವಕ್ಕೆ. ಸಾಲ ಕೊಟ್ಟವನಿಗೆ ವಾಪಸ್ ಬರಬೇಕಲ್ಲ! ಮುದುಕಿಯ ಪಿಂಚಣಿಗೆ ಸಾಲ ಕೊಟ್ಟರೆ ಏನು ವಾಪಸ್ ಬರುತ್ತದೆ? ನಾನು ಕೇಳುವುದು ಇದರ ಉಲ್ಟಾ. ಸಾಲವಾಗಿ ಅಲ್ಲದೆ ಸುಮ್ನೆ ಕೊಡುವ ಹಣ ಎಷ್ಟೇ ಇರಲಿ, ಅದರ ಒಂದು ದೊಡ್ಡ ಪಾಲು ಈ ಪಟ್ಟಿಗಳಿಗೆ, ಈ ಖಾತೆಗಳಿಗೆ ಹೋಗಲಿ.

ಕೈಗೆ ಕಾಸು ಕೊಟ್ಟರೆ ನೆಲ ಎತ್ತರ ಆಗುತ್ತದೆಯೇ, ಕೆರೆ ಹೂಳು ಹೋಗುತ್ತದೆಯೇ ಅಂತ ಕೇಳುವವರಿಗೆ ಇಥಿಯೋಪಿಯಾ ತೋರಿಸುತ್ತೇನೆ. 1984ರ ಬರಗಾಲದಲ್ಲಿ ಅಸ್ಥಿಪಂಜರದಂಥ ಮಕ್ಕಳ ಚಿತ್ರ ಜಗತ್ತೆಲ್ಲ ನೋಡಿದ್ದು ಅದೇ ದೇಶದ್ದು. ಅಲ್ಲಿ 2005ರಿಂದ ಒಂದು ಯೋಜನೆ ಇದೆ. ದುಡಿಯಬಲ್ಲವರಿಗೆ ಕೆಲಸ ಕೊಟ್ಟು ಕೂಲಿ ಅಥವಾ ಕಾಳು, ದುಡಿಯಲಾಗದ ಮುದುಕರು, ಬಸುರಿಯರಿಗೆ ಕೆಲಸವಿಲ್ಲದೇ ನೆರವು. ಕೆಲಸ ಏನು ಅಂದರೆ ಗುಡ್ಡದ ಇಳಿಜಾರಿನಲ್ಲಿ ಕಲ್ಲಿನ ಬದು ಹಾಕುವುದು, ಹೊಂಡ ತೋಡುವುದು, ಗಿಡ ನೆಡುವುದು. ಸುಮಾರು 80 ಲಕ್ಷ ಜನ ಇದರೊಳಗೆ ಬರುತ್ತಾರೆ. ಒಂದೇ ದುಡ್ಡು ಇವತ್ತಿನ ಊಟವೂ ಹೌದು, ನಾಳೆ ನೀರು ಇಂಗುವ ನೆಲವೂ ಹೌದು. ಯುದ್ಧ ಬಂದಾಗ, ದಾನಿಗಳು ಕೈ ಎಳೆದಾಗ ಅಲ್ಲೂ ಜನ ಹಸಿದಿದ್ದಾರೆ, ಯೋಜನೆ ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. ಕೀನ್ಯಾದ ಉತ್ತರದ ಒಣ ಜಿಲ್ಲೆಗಳಲ್ಲಿ ಇನ್ನೊಂದು ಬಗೆ. ಉಪಗ್ರಹದಿಂದ ಹುಲ್ಲು ಎಷ್ಟು ಒಣಗಿದೆ ಅಂತ ನೋಡಿ, ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಹೆಚ್ಚುವರಿ ಕುಟುಂಬಗಳ ಖಾತೆಗೂ ಹಣ ಹಾಕುತ್ತಾರೆ. ಬರ ಘೋಷಣೆಗೆ ಮಂತ್ರಿಗಳ ಪ್ರವಾಸ ಬೇಕಾಗಿಲ್ಲ.

ನಮ್ಮಲ್ಲಿ ಬೇಕು ನೋಡಿ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ರಾಜ್ಯ ಕೇಂದ್ರದಿಂದ 18,171 ಕೋಟಿ ಕೇಳಿತು. ತಿಂಗಳುಗಟ್ಟಲೆ ಪತ್ರ ವ್ಯವಹಾರ, ಆಮೇಲೆ ಸುಪ್ರೀಂ ಕೋರ್ಟ್. 2024ರ ಏಪ್ರಿಲ್‌ನಲ್ಲಿ ಬಂದ ಮಂಜೂರಾತಿ 3,454 ಕೋಟಿ. ಯಾರು ಸರಿ ಯಾರು ತಪ್ಪು ಎಂಬುದನ್ನು ನಿಮ್ಮ ಪುಟಗಳಲ್ಲೇ ಬೇಕಾದಷ್ಟು ಓದಿದ್ದೇವೆ, ಅದು ಬಿಡಿ. ನಡುವೆ ರಾಜ್ಯ ಸರ್ಕಾರ ಮೊದಲ ಕಂತು ಅಂತ ರೈತರಿಗೆ 2,000ದವರೆಗೆ ನೇರ ಖಾತೆಗೆ ಹಾಕಿತಲ್ಲ, ಅದು ಹೇಗೆ ಹೋಯಿತು? ಫ್ರೂಟ್ಸ್ ತಂತ್ರಾಂಶದಲ್ಲಿ ರೈತರ ಹೆಸರು, ಸರ್ವೆ ನಂಬರ್, ಆಧಾರ್ ಮೊದಲೇ ಇತ್ತು. ಅಲ್ಲಿಂದ ತೆಗೆದು ಹಾಕಿದರು. 2019ರ ಹಾಗೆ ಓಣಿ ಓಣಿ ಸುತ್ತಿ ಎ, ಬಿ, ಸಿ ಬರೆಯಬೇಕಾಗಲಿಲ್ಲ. ನಾನು ಇಷ್ಟು ಹೊತ್ತು ಹೇಳುತ್ತಿರುವುದು ಇದನ್ನೇ.

ಆದರೆ ಆ ಪಟ್ಟಿಯಲ್ಲಿ ಇರುವುದು ಉತಾರ, ಅಂದರೆ ಪಹಣಿ ಇದ್ದವರ ಹೆಸರು. ಲಾವಣಿಗೆ, ಅಂದರೆ ಗೇಣಿಗೆ, ಹೊಲ ಹಾಕಿಕೊಂಡವರದ್ದಿಲ್ಲ. ಬೀಜ, ಗೊಬ್ಬರ, ಸಾಲ ಎಲ್ಲ ಲಾವಣಿದಾರನದ್ದು, ಬೆಳೆ ಒಣಗಿದ್ದು ಅವನದ್ದು, ಪರಿಹಾರ ಬಂದದ್ದು ಊರಲ್ಲೇ ಇಲ್ಲದ ಹೊಲದ ಮಾಲೀಕನ ಖಾತೆಗೆ. ಕೆಲವರು ಕರೆದು ಕೊಟ್ಟರು, ಹೆಚ್ಚಿನವರು ಕೊಡಲಿಲ್ಲ. ಕೇಳಿದರೆ ಮುಂದಿನ ವರ್ಷ ಹೊಲ ಸಿಗುವುದಿಲ್ಲ ಎಂಬ ಭಯ. ಕೂಲಿಯವರ ಮಾತಂತೂ ಎತ್ತುವುದೇ ಬೇಡ. ಬೆಳೆ ಇಲ್ಲ ಅಂದರೆ ಕಳೆ ತೆಗೆಯುವ ಕೆಲಸವೂ ಇಲ್ಲ, ಕಟಾವೂ ಇಲ್ಲ. ಅವರಿಗೆ ಬೆಳೆ ಪರಿಹಾರ ಅಂತ ಒಂದು ಪೈಸೆ ಯಾರೂ ಕೊಡುವುದಿಲ್ಲ.

ಆ ವರ್ಷ ನಮ್ಮ ಊರಿನ ಕೂಲಿ ಹೆಂಗಸರ ಮನೆ ನಡೆದದ್ದು ಯಾವುದರಿಂದ? ಅದೇ 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿಯ 2,000 ಶುರುವಾಗಿತ್ತು. ಜುಲೈನಿಂದ ಹೆಚ್ಚುವರಿ ಐದು ಕೆಜಿ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಬರುತ್ತಿತ್ತು. ಯೋಜನೆ ಮಾಡಿದವರು ಬರ ಬರುತ್ತದೆ ಅಂತ ಮಾಡಿರಲಿಲ್ಲ, ಚುನಾವಣೆಗೆ ಮಾಡಿದ್ದರು. ಕಂತು ಕೆಲವು ತಿಂಗಳು ಮುಂದೆ ಹೋಯಿತು, ಎರಡು ತಿಂಗಳದ್ದು ಒಟ್ಟಿಗೆ ಬಂತು, ಕೆಲವರಿಗೆ ಆಧಾರ್ ಜೋಡಣೆ ಸರಿಯಿಲ್ಲ ಅಂತ ಬರಲೇ ಇಲ್ಲ. ಆದರೂ ಉತಾರ ಕೇಳದೆ, ಬೆಳೆ ಸಮೀಕ್ಷೆ ಕಾಯದೆ, ತಾಲ್ಲೂಕು ಕಚೇರಿಗೆ ಅಲೆಸದೆ ಬಂದ ಬರ ಪರಿಹಾರ ಅದೊಂದೇ. ಬಿಟ್ಟಿ ಭಾಗ್ಯ ಅಂತ ಹಂಗಿಸುವವರು ಆ ಬೇಸಿಗೆಯಲ್ಲಿ ನಮ್ಮ ಕಡೆ ಬಂದು ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ತೆಗೆಸಿ ನೋಡಬೇಕಿತ್ತು. ಕಂತು ಬಿದ್ದ ವಾರ ಬಾಕಿ ಹೊಡೆದುಹಾಕಿದ ಗೆರೆಗಳು, ಮತ್ತೆ ಮೂರು ವಾರ ಬೆಳೆಯುತ್ತ ಹೋಗುವ ಬಾಕಿ. ಯಾರಿಗೆ ಬೇಕು ಯಾರಿಗೆ ಬೇಡ ಎಂದು ಬೇರ್ಪಡಿಸುವುದರಲ್ಲಿ ಆ ಯೋಜನೆಗೆ ನನ್ನದೂ ತಕರಾರಿದೆ, ಎರಡು ಟ್ರ್ಯಾಕ್ಟರ್ ಇದ್ದವರ ಮನೆಗೂ ಬರುತ್ತದೆ. ತಿದ್ದಲಿ. ಬರ ಬಂದ ವರ್ಷ, ನೆರೆ ಬಂದ ತಿಂಗಳು ಅದೇ ಖಾತೆಗೆ ಒಂದು ಸಾವಿರ ಹೆಚ್ಚಿಗೆ ಹಾಕುವ ನಿಯಮ ಸೇರಿಸಲಿ. ಇದಕ್ಕೆ ಹೊಸ ಇಲಾಖೆಯೂ ಬೇಡ, ಸಮೀಕ್ಷೆಯೂ ಬೇಡ.

ಸಂಪಾದಕರಲ್ಲಿ ನನ್ನದೊಂದು ಕೋರಿಕೆ. ಪ್ರತಿ ವರ್ಷ ನವೆಂಬರ್‌ನಲ್ಲಿ ಹವಾಮಾನ ಸಮಾವೇಶ ಬಂದಾಗ ನೀವು ಎಷ್ಟು ಲಕ್ಷ ಕೋಟಿ ಡಾಲರ್ ಅಂತ ಮುಖಪುಟದಲ್ಲಿ ಹಾಕುತ್ತೀರಿ. ಅದರ ಪಕ್ಕ ಸಾಲ ಎಷ್ಟು, ದಾನ ಎಷ್ಟು, ಜನರ ಕೈಗೆ ನೇರ ಹೋಗುವುದು ಎಷ್ಟು ಎಂಬ ಮೂರು ಸಾಲನ್ನೂ ಹಾಕಿ. ಇನ್ನೊಂದು, ಮಳೆಗಾಲ ಶುರುವಾಗುವ ಮೊದಲು ನಿಮ್ಮ ವರದಿಗಾರರನ್ನು ನದಿ ದಂಡೆಯ ತಾಲ್ಲೂಕು ಕಚೇರಿಗಳಿಗೆ ಕಳಿಸಿ ಒಂದೇ ಒಂದು ಪ್ರಶ್ನೆ ಕೇಳಿಸಿ: ಲಾವಣಿ ಮಾಡುವವರ, ಕೂಲಿ ಮಾಡುವವರ, ಹೊಳೆ ದಂಡೆಯಲ್ಲಿ ಪಟ್ಟಾ ಇಲ್ಲದೆ ಗುಡಿಸಲು ಹಾಕಿಕೊಂಡವರ ಹೆಸರು ನಿಮ್ಮ ಯಾವ ಪಟ್ಟಿಯಲ್ಲಿದೆ, ತೋರಿಸಿ ಅಂತ. ಸಿಕ್ಕ ಉತ್ತರವನ್ನು ಹಾಗೇ ಅಚ್ಚು ಹಾಕಿ.

ಇಂತಿ,
ನಿಮ್ಮ ಓದುಗ,
ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ